ಮುಖ ಬಂದ ಬೆಳ್ಳಿ ಸವಾರ

ಕೆನಡಾದ ಪಿಯರ್ಸನ್ ವಿಮಾನನಿಲ್ದಾಣಕ್ಕೆ ಇಳಿಯುತ್ತಿರುವ ವಿಮಾನದಲ್ಲಿ ಯಾವ ಸೀಟಿನವರ ಜೇಬಿನಲ್ಲಿ ಬೆಳ್ಳಿ ಇದೆ ಎಂಬುದನ್ನು ನಾನು ಮಾಲ್ಟನ್‌ನ ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ವಾಸನೆಯಿಂದ ಹೇಳಬಲ್ಲೆ. ಇದುವರೆಗೆ ಒಮ್ಮೆ ಮಾತ್ರ ತಪ್ಪಿದ್ದೇನೆ. ಅಂದು ಇಂಗು ಜಾಸ್ತಿಯಾಗಿತ್ತು.

ಅಂಥ ಮೂಗಿನ ಗಿರೀಶನಾದ ನಾನು, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಅರೋರಾ ಪಟ್ಟಣದಲ್ಲಿ ಪಂಕಜಾ ಅವರ ಊಟದ ಮೇಜಿನ ಮುಂದೆ ಕುಳಿತು ಸ್ಟೀಲ್ ತಟ್ಟೆಯೊಳಗಿನ ಎರಡು ನಾಣ್ಯಗಳನ್ನು ನೋಡುತ್ತಿದ್ದೆ. ಅವೂ ನನ್ನನ್ನು ನೋಡುತ್ತಿದ್ದವು. ಸರಿಯಾಗಿ ಹೇಳಬೇಕೆಂದರೆ, ಒಂದು ಮಾತ್ರ ನೋಡುತ್ತಿತ್ತು. ಇನ್ನೊಂದಕ್ಕೆ ಕಣ್ಣಿರಲಿಲ್ಲ.

ಮುಡಿಪಿನ ಹಳದಿ ಬಟ್ಟೆಯ ಗಂಟು ಬಿಚ್ಚದೆಯೇ ಒಳಗಿದ್ದ ಐದು ಬೆಳ್ಳಿ ಸವಾರರು, ಅಂದರೆ ಕುದುರೆ ಸವಾರನ ಅಚ್ಚಿನ ನಾಣ್ಯಗಳು, ಮಾಯವಾಗಿ ಅಂದಿಗೆ ಆರು ದಿನ. ಒಬ್ಬ ಸೋಮವಾರ ಅಕ್ಕಿ ಡಬ್ಬದಲ್ಲಿ ಸಿಕ್ಕಿದ್ದ, ಇನ್ನೊಬ್ಬ ಬುಧವಾರ ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನ ಹಿಂದೆ.

ಮಗಳು ಪ್ರಜ್ಞಾಳ ಹೃದಯದ ಆಪರೇಷನ್ ಸುಸೂತ್ರವಾದರೆ ಮನೆತನದ ದೈವಕ್ಕೆ ತಂದೊಪ್ಪಿಸುತ್ತೇನೆ ಎಂದು ಪಂಕಜಾ ಕಟ್ಟಿದ್ದ ಮುಡಿಪು ಅದು. ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಶನಿವಾರ ಊರಿಗೆ ವಿಮಾನ. ಕಟ್ಟಿದ ಗಂಟನ್ನು ಬಿಚ್ಚಬೇಕಾದದ್ದು ದೈವದ ಎದುರಿಗೇ. ಹೋದ ಶುಕ್ರವಾರ ಪಂಕಜಾ ಅದನ್ನು ಸೂಟ್‌ಕೇಸಿಗೆ ಇಡಲು ಎತ್ತಿದರೆ, ಗಂಟು ಕಟ್ಟಿದ ಹಾಗೆಯೇ ಇತ್ತು, ತೂಕ ಇರಲಿಲ್ಲ. ಹುಡುಕಿಕೊಡಲು ಪತ್ತೇದಾರನಾದ ನನ್ನನ್ನು ಕರೆಸಿದರು.

ಈ ನಾಣ್ಯಗಳ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಹಾಲೆಂಡಿನಲ್ಲಿ ಇಬ್ಬರಿದ್ದರು. ಇಬ್ಬರೂ ತೀರಿಕೊಂಡರು. ಆದ್ದರಿಂದ ನಾನೇ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಒಂದೊಂದು ವ್ಯಾಪಾರಿ ಪಟ್ಟಣವೂ ತನ್ನದೇ ಟಂಕಸಾಲೆ ಇಟ್ಟುಕೊಂಡು ಮೆರೆಯುತ್ತಿದ್ದ ಕಾಲವಿತ್ತು. ಪಂಕಜಾ ಅವರ ಗಂಡನ ಹಿರಿಯರೊಬ್ಬರು ಬಸ್ರೂರಿನ ಬಂದರಿನಲ್ಲಿ ಡಚ್ಚರ ಹಡಗಿಗೆ ಅಕ್ಕಿ ಹಾಕಿ, ಬದಲಿಗೆ ಕಾಂಪೆನ್ ಎಂಬ ಪಟ್ಟಣದ ಐದು ಬೆಳ್ಳಿ ನಾಣ್ಯ ತಂದರು. ಒಂದೊಂದೂ ಅಂಗೈ ಅಗಲ. ಅಂದರೆ ನನ್ನ ಅಂಗೈ ಅಲ್ಲ, ಮಗುವಿನದು.

ಒಂದು ಬದಿಯಲ್ಲಿ ಕಿರೀಟದ ಗುರಾಣಿಯನ್ನು ಹಿಡಿದ ಎರಡು ಸಿಂಹ. ಇನ್ನೊಂದು ಬದಿಯಲ್ಲಿ ಓಡುವ ಕುದುರೆ, ಮೇಲೆ ಕತ್ತಿ ಎತ್ತಿದ ಸವಾರ. ಕುದುರೆಯ ಹೊಟ್ಟೆಯ ಕೆಳಗೆ ಮೂರು ಗೋಪುರಗಳ ಕೋಟೆಬಾಗಿಲು, ಅದು ಪಟ್ಟಣದ ಗುರುತು.

ಮನೆಯವರು ಅದನ್ನು ಹಾಗೆ ಓದಲೇ ಇಲ್ಲ. ಕುದುರೆ ಏರಿ ಕತ್ತಿ ಎತ್ತಿದವನು ತಮ್ಮ ದೈವವೇ, ಕೆಳಗಿರುವುದು ಅವನ ಗುಡಿಯೇ ಎಂದರು. ಮುನ್ನೂರೈವತ್ತು ವರ್ಷ ಡಚ್ಚರ ಸವಾರನಿಗೆ ಹೂವು, ನೀರು, ಎಳನೀರು ಸಂದವು. ಅವನು ಬೇಡ ಎನ್ನಲಿಲ್ಲ.

ಸೋಮವಾರ ಸಿಕ್ಕ ಸವಾರನಿಗೆ ಮುಖವಿರಲಿಲ್ಲ. ಶಿರಸ್ತ್ರಾಣದ ಕೆಳಗೆ ನುಣ್ಣಗೆ, ಒದ್ದೆ ಸೋಪಿನ ತುಂಡಿನ ಹಾಗೆ. ಹಿಂಬದಿಯ ಸಿಂಹಗಳು ಮಾತ್ರ ನಿನ್ನೆ ಅಚ್ಚು ಹೊಡೆದಷ್ಟು ಚೂಪು, ಉಗುರು ಎಣಿಸಬಹುದು. ಇದನ್ನು ಮೊದಲ ನೋಟಕ್ಕೇ ಗಮನಿಸಿದವನು ನಾನು. ಸಮುದ್ರದ ಉಪ್ಪುಗಾಳಿ ಒಂದೇ ಬದಿಯಿಂದ ಬೀಸಿದ್ದರ ಫಲ ಎಂದು ಅಲ್ಲೇ ತೀರ್ಮಾನವನ್ನೂ ಕೊಟ್ಟಿದ್ದೆ.

ಬುಧವಾರ ಸಿಕ್ಕವನಿಗೆ ಮುಖವಿತ್ತು.

"ನಾನು ಮದುವೆಯಾಗಿ ಬಂದ ಲಾಗಾಯ್ತು ನೋಡ್ತಾ ಇದ್ದೇನೆ ಗಿರೀಶಣ್ಣ," ಎಂದರು ಪಂಕಜಾ. ತಟ್ಟೆಯಿಂದ ಎರಡಡಿ ದೂರ ನಿಂತಿದ್ದರು. ಔಷಧದ ಅಂಗಡಿಯ ಕೆಲಸಕ್ಕೆ ಅಂದು ರಜೆ ಹಾಕಿದ್ದರು. "ಐದಕ್ಕೂ ಮುಖ ಇಲ್ಲ. ದೈವಕ್ಕೆ ಮುಖ ಇರುದಿಲ್ಲ, ಅದಕ್ಕೇ ಹಾಗೆ ಅಂತ ಅತ್ತೆ ಹೇಳಿದ್ದು. ಈಗ ಇದಕ್ಕೆ ಕಣ್ಣು ಉಂಟು. ಮೂಗು ಉಂಟು. ನೋಡಿ, ಬಾಯಿ ಸಹ ಸ್ವಲ್ಪ ತೆರೆದಿದೆ. ಎಂತ ಹೇಳ್ಲಿಕ್ಕೆ ಹೊರಟಿದೆ ಇದು?"

"ಬೆಳ್ಳಿಗೆ ಸಿಟ್ಟು ಬಂದರೆ ಹಾಗಾಗುತ್ತೆ ಮೇಡಂ," ಎಂದೆ. "ಇಂಥ ಹನ್ನೊಂದು ಕೇಸ್ ನೋಡಿದೀನಿ."

ಹೇಳಬಾರದಿತ್ತು. ಅವರ ಕೈ ತಾನಾಗಿಯೇ ಕತ್ತಿನ ಕರಿಮಣಿಯ ಜಾಗಕ್ಕೆ ಹೋಯಿತು. ಅಲ್ಲಿ ಈಗ ಬರಿಯ ಚಿನ್ನದ ಎಳೆ. ಗಂಡ ರಂಜಿತ್ ತೀರಿಕೊಂಡು ಎರಡು ವರ್ಷ.

ಹೊರಗೆ ಜನವರಿಯ ಹಿಮ ಬೀಳುತ್ತಿತ್ತು, ಸದ್ದೇ ಇಲ್ಲದೆ. ಮೂರು ಗಂಟೆಗೇ ಕಿಟಕಿ ನೀಲಿಯಾಗಿತ್ತು. ಮನೆಯೊಳಗೆ ಕೆಳಗಿನ ಫರ್ನೇಸು ಹೊತ್ತಿಕೊಂಡಾಗಲೆಲ್ಲ ಗೋಡೆಯೊಳಗಿನ ತಗಡಿನ ಕೊಳವೆಗಳು ಹಿಗ್ಗುತ್ತಿದ್ದವು. ಟಕ್ ಟಕ್. ಸ್ವಲ್ಪ ತಡೆದು, ಟಕ್ ಟಕ್. ಕುದುರೆಯೊಂದು ಬಚ್ಚಲಮನೆಯ ಗೋಡೆಯಿಂದ ಹೊರಟು ದೇವರ ಮೂಲೆಯವರೆಗೆ ನಡೆದು ನಿಂತ ಹಾಗೆ. ಕೆನಡಾದ ಎಲ್ಲ ಮನೆಗಳಲ್ಲೂ ಈ ಸದ್ದು ಇದೆ. ನನ್ನ ಮನೆಯಲ್ಲೂ ಇದೆ. ಆದರೆ ನನ್ನ ಮನೆಯ ಸದ್ದು ನಿಲ್ಲುವಾಗ ಉಸಿರು ಬಿಟ್ಟಂತೆ ಕೇಳುವುದಿಲ್ಲ.

ಬೇಸ್‌ಮೆಂಟಿನ ಬಾಗಿಲಿಗೆ ಒರಗಿ ಮಂಥನ್ ನಿಂತಿದ್ದ. ಗದಗಿನವನು, ಇಪ್ಪತ್ತನಾಲ್ಕು ವರ್ಷ, ಕಾಲೇಜಿನ ಕೊನೆಯ ಸೆಮಿಸ್ಟರ್. ಕೆಳಗಿನ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಕಾಫಿ ಅಂಗಡಿಯ ಕಂದು ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

"ಅಕ್ಕಾರ, ನಾ ತಗೊಂಡಿಲ್ರಿ. ಆ ಫರ್ನೇಸ್ ರೂಮಿಗೆ ನಾ ಯಾಕ ಹೋಗ್ಲಿ? ಅಲ್ಲಿ ಲೈಟ್ ಸುದ್ದಾ ಇಲ್ಲ."

"ನಿನ್ನ ರೂಮ್ ದಾಟಿಯೇ ಅಲ್ಲಿಗೆ ಹೋಗ್ಬೇಕು. ಬೇರೆ ದಾರಿ ಉಂಟಾ?"

"ಇಲ್ರಿ."

"ಮತ್ತೆ?"

"ನಿನ್ನೆ ಮಧ್ಯಾಹ್ನತನಕ ನಾ ಶಿಫ್ಟಲ್ಲಿ ಇದ್ದೆರಿ. ನನ್ನ ರೂಮಿಗೆ ಕೀಲಿ ಹಾಕಂಗಿಲ್ಲ. ನೀವ ಹೇಳಿದ್ರಿ, ಒಂದ ಮನಿಯಾಗ ಇದ್ದು ಕೀಲಿ ಯಾಕ ಅಂತ."

ಪಂಕಜಾ ಮುಖ ತಿರುಗಿಸಿದರು. ಮೈಕ್ರೊವೇವ್‌ನ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು.

"ಆಸ್ಪತ್ರೆಯಲ್ಲಿ ಒಂಬತ್ತು ದಿನ ನೀನು ನನ್ನ ಮಗಳ ಹತ್ತಿರ ಕೂತಿದ್ದಿ. ಅದನ್ನು ನಾನು ಮರೆತಿಲ್ಲ ಮಂಥನ್. ಅದಕ್ಕೇ ನಾಲ್ಕು ಗಂಟೆವರೆಗೆ ಸಮಯ ಕೊಟ್ಟದ್ದು. ಉಳಿದ ಮೂರು ಎಲ್ಲಿ ಹೇಳು. ನಾನು ಯಾರಿಗೂ ಹೇಳುದಿಲ್ಲ. ಹೇಳದಿದ್ರೆ ಪೊಲೀಸಿಗೆ ಫೋನ್ ಮಾಡ್ತೇನೆ. ಬರಿಗೈಯಲ್ಲಿ ದೈವದ ಎದುರು ನಾನು ಹೇಗೆ ನಿಲ್ಲಲಿ? ನನ್ನ ಮಗಳ ಹೆಸರಲ್ಲಿ ಕಟ್ಟಿದ್ದು ಅದು."

"ಪೊಲೀಸ್ ಕೇಸ್ ಆದ್ರ ನನ್ನ ವರ್ಕ್ ಪರ್ಮಿಟ್ ಹೋತ್ರಿ. ಎಪ್ರಿಲಿಗೆ ಕೋರ್ಸ್ ಮುಗಿತೈತಿ. ಮೂರು ತಿಂಗಳ ಸಲುವಾಗಿ ನಾ ಹಿಂಗ ಮಾಡ್ತೀನೇನ್ರಿ?" ಅವನು ನನ್ನ ಕಡೆ ತಿರುಗಿದ. "ಅಣ್ಣಾರ, ನೀವರೆ ಹೇಳ್ರಿ. ನೀವು ಡಿಟೆಕ್ಟಿವ್ ಅದೀರಿ. ನನ್ನ ಮಾರಿ ನೋಡಿದ್ರ ನಿಮಗ ಗೊತ್ತಾಗಂಗಿಲ್ಲೇನು?"

ಮುಖ ನೋಡಿ ಕಳ್ಳನನ್ನು ಹೇಳುವ ವಿದ್ಯೆಯಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ನನಗೆ ಎರಡನೆಯವರಿಲ್ಲ. ಆದರೂ ಆಗ ನಾನು ಅವನ ಮುಖ ನೋಡಲಿಲ್ಲ. ಮೇಜಿನ ಬಟ್ಟೆಯ ಮೇಲಿನ ಹೂವುಗಳನ್ನು ನೋಡಿದೆ. ಫರ್ನೇಸಿನ ಬಿಸಿಗೆ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು.

"ತನಿಖೆ ಸೂಕ್ಷ್ಮ ಹಂತದಲ್ಲಿದೆ," ಎಂದೆ.

ಮೂರು ನಲವತ್ತಕ್ಕೆ ಮುಂಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಒಳಗೆ ಬಂದು ತಟ್ಟೆಯನ್ನು ಮುಟ್ಟಿತೇನೋ, ಎರಡು ನಾಣ್ಯಗಳಲ್ಲಿ ಒಂದು ಸಣ್ಣಗೆ ಕಂಪಿಸಿ ಸುಮ್ಮನಾಯಿತು. ಯಾವುದು ಎಂದು ನೋಡುವ ಧೈರ್ಯ ನನಗಾಗಲಿಲ್ಲ. ನಾನು ಕರಡಿಯ ಜೊತೆ ಲಿಫ್ಟಿನಲ್ಲಿ ಹದಿನೆಂಟು ಮಹಡಿ ಏರಿದವನು.

ಪಂಕಜಾ ಅವರ ತಮ್ಮ ತನ್ಮಯ್ ಬಂದಿದ್ದ, ಅಕ್ಕನ ಮಾವನನ್ನು ತೋಳು ಹಿಡಿದು ನಡೆಸುತ್ತ. ಚೆನ್ನಯ, ಎಪ್ಪತ್ತೆಂಟು ವರ್ಷ, ಮನೆಯ ಹಿರಿಯರು. ನ್ಯುಮೋನಿಯಾ ಆಗಿ ಶುಕ್ರವಾರದಿಂದ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿದ್ದವರು ಈಗಷ್ಟೇ ಬಿಡುಗಡೆಯಾಗಿದ್ದರು. ಈ ಗಲಾಟೆ ಅವರಿಗೆ ತಿಳಿದದ್ದೇ ಬರುವ ದಾರಿಯಲ್ಲಿ, ಕಾರಿನಲ್ಲಿ. ಕಣ್ಣಿಗೆ ಪೊರೆ ಬಂದಿದ್ದರಿಂದ ಯಾರನ್ನು ನೋಡಿದರೂ ಅವರ ಹಿಂದೆ ನಿಂತ ಇನ್ನೊಬ್ಬರನ್ನು ನೋಡುವ ಹಾಗಿತ್ತು.

"ಕಾಲ್ ಮಾಡಿದ್ಯಾ ಅಕ್ಕ?" ತನ್ಮಯ್ ಕೋಟು ಬಿಚ್ಚುವ ಮೊದಲೇ ಕೇಳಿದ. ಮಾರ್ಕಮ್‌ನಲ್ಲಿ ಕಾರು ಮಾರುವ ಕೆಲಸ ಅವನದು, ಮಾತಿಗೆ ಯಾವಾಗಲೂ ಅವಸರ. "ಇನ್ನೂ ಇಲ್ವಾ? ಎಂತ ಕಾಯುದು? ಇವ ಇವತ್ತು ಬ್ಯಾಗ್ ಪ್ಯಾಕ್ ಮಾಡಿ ಹೋದ್ರೆ ಫಿನಿಶ್. ದೆನ್ ಯೂ ಕ್ಯಾನ್ ಗೋ ಸರ್ಚಿಂಗ್."

"ನಾಲ್ಕು ಗಂಟೆ ಅಂತ ಹೇಳಿದ್ದೇನೆ," ಎಂದರು ಪಂಕಜಾ.

ಚೆನ್ನಯ ಕುರ್ಚಿ ತಡವಿ ಕುಳಿತರು. ಶಾಲು ಸರಿಪಡಿಸಿಕೊಂಡರು. ಕೈ ಚಾಚಿದರು.

"ಕೊಡು ಮಗಾ. ಎರಡೂ."

ಪಂಕಜಾ ತಟ್ಟೆಯನ್ನೇ ಅವರ ಮುಂದೆ ಸರಿಸಿದರು, ನಾಣ್ಯ ಮುಟ್ಟದೆ. ಮುದುಕರು ಮೊದಲನೆಯದನ್ನು ಎತ್ತಿ ಹೆಬ್ಬೆರಳಿನಿಂದ ಸವಾರನ ಮೇಲೆ ಒಮ್ಮೆ ಒರೆಸಿದರು. ಅವರ ಭುಜ ಸಡಿಲವಾಯಿತು.

"ಇದು ನಮ್ಮದು. ಮೂರನೆಯವ. ಕುದುರೆಯ ಹಿಂಗಾಲ ಹತ್ತಿರ ಒಂದು ಗೀರು ಉಂಟು ಇವನಿಗೆ."

ಎರಡನೆಯದನ್ನು ಎತ್ತಿದರು. ಹೆಬ್ಬೆರಳು ಕುದುರೆಯನ್ನು ದಾಟಿತು, ಕತ್ತಿಯನ್ನು ದಾಟಿತು, ಮುಖದ ಮೇಲೆ ಬಂದು ನಿಂತಿತು.

ಗೋಡೆಯೊಳಗಿನ ಟಕ್ ಟಕ್ ಅದೇ ಕ್ಷಣಕ್ಕೆ ನಿಂತಿತು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ, ಮಂಥನ್ ಕೂಡ ತಲೆ ಎತ್ತಿ ಗೋಡೆ ನೋಡಿದ. ಕುರುಡಾಗುತ್ತಿರುವ ಮುದುಕರು ಒಂದು ಪುಟ್ಟ ಬೆಳ್ಳಿ ಮುಖವನ್ನು ಬೆರಳಿನಿಂದ ಓದುತ್ತಿದ್ದರು. ಹಣೆ. ಮೂಗು. ತೆರೆದ ಬಾಯಿ. ಆ ಬಾಯಿ ಬೆರಳನ್ನು ಕಚ್ಚಿಬಿಡುತ್ತದೆ ಎಂದು ನನಗೆ ಅನ್ನಿಸಿತು, ಅದು ಎಲ್ಲಿಂದ ಬಂದದ್ದೆಂದು ಗೊತ್ತಿದ್ದೂ.

ಅವರು ನಾಣ್ಯ ತಿರುವಿ ಸಿಂಹಗಳ ಮೇಲೂ ಬೆರಳಾಡಿಸಿದರು. ಸೊಸೆಯನ್ನು ತುಳುವಿನಲ್ಲಿ ಏನೋ ಕೇಳಿದರು. ಪಂಕಜಾ ತುಳುವಿನಲ್ಲೇ ಉತ್ತರಿಸಿದರು. ಉತ್ತರದಲ್ಲಿ ನನ್ನ ಹೆಸರು ಇತ್ತು, ಬುಧವಾರ ಎಂಬ ಮಾತೂ ಇತ್ತು.

"ಆ ಹುಡುಗನಿಗೆ ಕೂತುಕೊಳ್ಳಲಿಕ್ಕೆ ಹೇಳು," ಎಂದರು ಚೆನ್ನಯ. "ಎಷ್ಟು ಹೊತ್ತು ನಿಲ್ಲುದು."

ಮಂಥನ್ ಕುರ್ಚಿಯ ತುದಿಯಲ್ಲಿ ಕುಳಿತ.

"ಗಿರೀಶ, ನಿಮ್ಮದು ಬೆಂಗಳೂರಲ್ವಾ?"

"ಹೌದು ಯಜಮಾನ್ರೇ. ರಾಜಾಜಿನಗರ. ಅಲ್ಲಿ ಈಗಲೂ ನನ್ನ ಹೆಸರು ಹೇಳಿದ್ರೆ ಕಳ್ಳರು ರಸ್ತೆ ಬದಲಾಯಿಸ್ತಾರೆ."

"ಇರಬಹುದು." ಅವರು ನಗಲಿಲ್ಲ. "ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ದೈವದ ನೇಮೋತ್ಸವದ ಹಿಂದಿನ ದಿನ ಮನೆಯ ಹಿರಿಯ ಬಾಗಿಲು ಹಾಕ್ಕೊಂಡು ಈ ಐದನ್ನೂ ತಿಕ್ಕಿ ಬೆಳಗುದು. ಹುಣಸೆಹುಳಿ, ಬೂದಿ, ತೆಂಗಿನ ನಾರು. ಹೆಂಗಸರು ನೋಡ್ಲಿಕ್ಕಿಲ್ಲ, ಮಕ್ಕಳು ನೋಡ್ಲಿಕ್ಕಿಲ್ಲ. ಇವಳಿಗೂ ಗೊತ್ತಿಲ್ಲ. ನಾನೇ ನಲವತ್ತೊಂದು ವರ್ಷ ತಿಕ್ಕಿದ್ದೇನೆ."

"ಅಯ್ಯೋ, ಹಳೆ ನಾಣ್ಯವನ್ನ ತಿಕ್ಕಬಾರದು ಯಜಮಾನ್ರೇ," ಎಂದೆ. ವಿದ್ವತ್ತು ತಡೆಯಲಾಗಲಿಲ್ಲ. "ಸಂಗ್ರಹ ಮಾಡೋರು ಕೇಳಿದ್ರೆ ಎದೆ ಒಡ್ಕೋತಾರೆ."

"ಒಡ್ಕೊಳ್ಳಲಿ. ನಾವು ಸಂಗ್ರಹಕ್ಕೆ ಇಟ್ಟದ್ದಲ್ಲ. ಆದ್ರೆ ತಿಕ್ಕುದು ಸವಾರನ ಕಡೆ ಮಾತ್ರ. ಸಿಂಹದ ಕಡೆ ಒಂದು ಬೆರಳು ತಾಗಿಸ್ಲಿಕ್ಕಿಲ್ಲ. ಯಾಕೆ ಅಂತ ಅಪ್ಪನ ಹತ್ರ ಕೇಳಿದ್ದೆ. ಸವಾರ ನಮ್ಮವ, ಸಿಂಹ ಹಡಗಿನವರದ್ದು, ಅವರದ್ದನ್ನು ಅವರು ತಿಕ್ಕಿಕೊಳ್ಳಲಿ ಅಂದ್ರು."

ಫರ್ನೇಸು ಮತ್ತೆ ಹೊತ್ತಿಕೊಂಡಿತು.

"ನಮ್ಮ ಸವಾರರ ಮೂಗನ್ನು ತಿಕ್ಕಿ ತೆಗೆದದ್ದು ನನ್ನ ಅಜ್ಜನೋ, ಅವರ ಅಜ್ಜನೋ. ನನ್ನ ಕೈಗೆ ಬರುವಾಗಲೇ ಐವರಿಗೂ ಮುಖ ಇರ್ಲಿಲ್ಲ." ಅವರು ಎರಡನೆಯ ನಾಣ್ಯವನ್ನು ನನ್ನ ಮುಂದೆ ಇಟ್ಟರು, ಮುಖ ಮೇಲಾಗಿ. "ಹೋದ ಮೂಗು ಬರುದಿಲ್ಲ ಗಿರೀಶ."

ನಾನು ನಕ್ಕೆ. ನಗು ಅರ್ಧಕ್ಕೆ ಒಡೆಯಿತು.

"ಕೆಲವು ಬೆಳ್ಳಿ ಬೆಳೆಯುತ್ತೆ ಯಜಮಾನ್ರೇ. ಚಳಿ ದೇಶದಲ್ಲಿ ವಿಶೇಷವಾಗಿ. ಆಮ್‌ಸ್ಟರ್‌ಡ್ಯಾಮಿನ ಹದಿನೇಳು ಪ್ರೊಫೆಸರ್‌ಗಳು ನನಗೆ..."

"ಎಷ್ಟು ಕೊಟ್ರಿ?"

ಪ್ರಶ್ನೆ ತೀರಾ ಮೆತ್ತಗಿತ್ತು. ತರಕಾರಿ ಎಷ್ಟಕ್ಕೆ ಸಿಕ್ಕಿತು ಎಂದು ಕೇಳಿದ ಹಾಗೆ.

"ಮಾವ, ಎಂತ ಹೇಳ್ತಾ ಇದ್ದೀರಿ?" ಎಂದರು ಪಂಕಜಾ.

"ನಾನು ಹೇಳುದಿಲ್ಲ. ಅವರು ಹೇಳಲಿ ಅಂತ ಕೂತಿದ್ದೇನೆ."

ತನ್ಮಯ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. "ಮಾವ, ಮುಖ, ಮೂಗು, ದಿಸ್ ಈಸ್ ಆಲ್ ಫೈನ್. ಸಿಕ್ಕಿದ್ದೆಲ್ಲಿ? ಇವನ ರೂಮ್ ದಾಟಿ, ಫರ್ನೇಸ್ ಹಿಂದೆ. ಅಕ್ಕ ಕಣ್ಣಾರೆ ನೋಡಿ ತೆಗೆದದ್ದು. ನಾಲ್ಕು ಗಂಟೆ ಆಯ್ತು. ನೀನು ಮಾಡದಿದ್ರೆ ನಾನು ಮಾಡ್ತೇನೆ." ಫೋನ್ ತೆಗೆದ. ನಂಬರು ಒತ್ತಿದ. ಸ್ಪೀಕರಿನಲ್ಲಿ ಹಾಕಿ ಮೇಜಿನ ಮೇಲೆ ಇಟ್ಟ.

ಆ ಕಡೆ ಗಂಟೆ ಬಾರಿಸತೊಡಗಿತು. ಒಂದು. ಎರಡು.

ಮಂಥನ್ ಟೋಪಿಯನ್ನು ಮೇಜಿನ ಮೇಲೆ ಇಟ್ಟು ಅದರ ಅಂಚನ್ನು ನೇರ ಮಾಡಿದ, ಇನ್ನು ಅದು ತನ್ನದಲ್ಲ ಎಂಬಂತೆ.

"ಮೂವತ್ತೈದು ಡಾಲರ್," ಎಂದೆ. "ಫೋನ್ ಇಡಿ."

ತನ್ಮಯ್ ಅಲ್ಲಾಡಲಿಲ್ಲ. ಚೆನ್ನಯನವರೇ ತಡವಿ ಫೋನನ್ನು ಬೋರಲು ಹಾಕಿ, ಎಲ್ಲ ಗುಂಡಿಗಳನ್ನೂ ಒತ್ತಿ, ಹೇಗೋ ಅದನ್ನು ಸುಮ್ಮನಾಗಿಸಿದರು.

"ನಕಲು ಅದು," ಎಂದೆ. ನನ್ನ ದನಿ ನನಗೇ ಪರಿಚಯವಿರಲಿಲ್ಲ, ಅಷ್ಟು ಸಣ್ಣಗಿತ್ತು. "ಮಂಗಳವಾರ ತಂದೆ. ಏರ್‌ಪೋರ್ಟ್ ಹತ್ತಿರ ಒಂದು ಹೋಟೆಲಿನಲ್ಲಿ ನಾಣ್ಯದ ಮೇಳ ಇತ್ತು. ಅಂಚಿನಲ್ಲಿ ನಕಲು ಅಂತ ಚಿಕ್ಕ ಮುದ್ರೆ ಇತ್ತು, ಅರ ಹಾಕಿ ಉಜ್ಜಿದೆ. ಬುಧವಾರದೊಳಗೆ ಇನ್ನೊಂದು ಹುಡುಕಿಕೊಡ್ತೀನಿ ಅಂತ ಪಂಕಜಾ ಮೇಡಂಗೆ ಮಾತು ಕೊಟ್ಟಿದ್ದೆ. ಸೋಮವಾರದ್ದಾದ ಮೇಲೆ ಒಂದೂ ಸಿಕ್ಕಿರಲಿಲ್ಲ. ಹುಡುಕೋದು ಹೇಗೆ ಅಂತಲೂ ಗೊತ್ತಿರಲಿಲ್ಲ."

"ಡಿಟೆಕ್ಟಿವ್ ಅಂತ ನೀವೇ ಹೇಳಿದ್ದಲ್ವಾ?" ಪಂಕಜಾ ಕೇಳಿದರು.

"ಲಿಮೊ ಟ್ಯಾಕ್ಸಿ ಓಡಿಸ್ತೀನಿ. ಅದಕ್ಕೆ ಮುಂಚೆ ಮಾಲ್‌ನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದೆ. ಆರು ವರ್ಷದಲ್ಲಿ ನಾನು ಪತ್ತೆ ಹಚ್ಚಿದ್ದು ಒಂದು ಛತ್ರಿ. ಅದೂ ನನ್ನದೇ."

ಯಾರೂ ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

ಮಂಥನ್ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೋಗ್ಲಿರಿ ಅಣ್ಣಾರ. ಮರ್ಯಾದಿ ಸಲುವಾಗಿ ಮಾಡಿದ್ರಿ. ಆದ್ರ ನನ್ನ ರೂಮ್ ದಾಟಿ ಫರ್ನೇಸ್ ಹಿಂದ ಯಾಕ ಇಟ್ಟ್ರಿ? ನಾ ನಿಮಗ ಏನ್ ಮಾಡಿದ್ದೆ?"

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಉಳಿಯುತ್ತಿದ್ದ, ನಾನೂ ಹೇಗೋ ಬಾಗಿಲವರೆಗೆ ನಡೆದು ಹೋಗುತ್ತಿದ್ದೆ. ಆದರೆ ಅವನಿಗೆ ಉತ್ತರ ಕೊಡಬೇಕಿತ್ತು.

"ಅಲ್ಲಿ ನಾನು ಇಡಲಿಲ್ಲ ಕಣೋ."

"ಮತ್ತ?"

"ನಿನ್ನೆ ಬೆಳಿಗ್ಗೆ ಬಂದಾಗ ಇಲ್ಲೇ, ಮುಂಬಾಗಿಲ ಹತ್ತಿರ ಇಟ್ಟೆ. ಹೋಗುವಾಗ ನಾನೇ ಕಂಡುಹಿಡಿದ ಹಾಗೆ ಮಾಡೋಣ ಅಂತ. ಹನ್ನೊಂದು ಗಂಟೆಗೆ ಕೈ ಹಾಕಿದರೆ ಇರಲಿಲ್ಲ. ಅಷ್ಟರಲ್ಲಿ ಕೆಳಗಿಂದ ಮೇಡಂ ಕೂಗಿದ್ರು, ಸಿಕ್ತು ಅಂತ. ಓಡಿಹೋಗಿ ನೋಡಿದರೆ ನನ್ನದೇ ನಾಣ್ಯ. ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಲೆಕ್ಕಾಚಾರದ ಪ್ರಕಾರವೇ ಸಿಕ್ಕಿದೆ ಅಂದುಬಿಟ್ಟೆ."

ಗೋಡೆಯೊಳಗೆ ಟಕ್ ಟಕ್ ನಡೆಯಿತು. ಈ ಸಲ ಅದು ಮುಂಬಾಗಿಲಿನ ಕಡೆ ಹೋಯಿತು.

"ಬಾಗಿಲ ಹತ್ತಿರ ಎಲ್ಲಿ ಇಟ್ರಿ?" ಚೆನ್ನಯ ಕೇಳಿದರು.

"ಮ್ಯಾಟಿನ ಮೇಲೆ ದೊಡ್ಡ ಕಪ್ಪು ಬೂಟು ಒಂದು ಜೊತೆ ಇದೆಯಲ್ಲ, ಮೂಲೆಯಲ್ಲಿ. ಎಡಗಾಲಿನದರೊಳಗೆ."

ಪಂಕಜಾ ನಿಂತಲ್ಲೇ ಗೋಡೆ ಹಿಡಿದುಕೊಂಡರು. ತನ್ಮಯ್ ಅಕ್ಕನನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲಿನ ಕಡೆ ಮಾತ್ರ ನೋಡಲಿಲ್ಲ.

"ಅದು ಅವರದ್ದು," ಎಂದರು ಪಂಕಜಾ. "ರಂಜಿತ್‌ದು. ಅವರು ಬಿಟ್ಟಲ್ಲೇ ಇಟ್ಟಿದ್ದೇನೆ. ಎರಡು ವರ್ಷದಿಂದ ಅದಕ್ಕೆ ಯಾರೂ ಕಾಲು ಹಾಕಿಲ್ಲ. ನಾನು ಧೂಳು ಸಹ ಒರೆಸುದಿಲ್ಲ."

ನಾನು ಜೀವಮಾನವಿಡೀ ಒಂದನ್ನು ಹತ್ತು ಮಾಡಿ ಹೇಳಿದವನು. ಆ ಕ್ಷಣದಲ್ಲಿ ಒಂದನ್ನು ಒಂದೇ ಎಂದು ಹೇಳಿದೆ.

"ಪಂಕಜಮ್ಮ, ನಿನ್ನೆ ನಾನು ಅದರೊಳಗೆ ಕೈ ಹಾಕಿದಾಗ ಬೆಚ್ಚಗಿತ್ತು. ತಳದ ಗೆರೆಗಳಲ್ಲಿ ಹಿಮ ಇನ್ನೂ ಕರಗಿರಲಿಲ್ಲ."